ದಶಕಕ್ಕೊಂದು ಥ್ರಿಲ್ಲರ್, ದಶಕಕ್ಕೊಬ್ಬ ಗೂಢಚಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಥ್ರಿಲ್ಲರ್ ಮತ್ತು ಗೂಢಚಾರ ಚಿತ್ರಗಳಲ್ಲಿ ಪ್ರತಿ ದಶಕಕ್ಕೆ ಒಂದನ್ನೇ ಆರಿಸಿ ಇಟ್ಟುಕೊಳ್ಳುವುದು ನನ್ನ ಬಹುಕಾಲದ ಅಭ್ಯಾಸ. ಆ ಪಟ್ಟಿಯನ್ನು ಹಂಚಿಕೊಂಡಾಗಲೆಲ್ಲ ಮಾತುಕತೆಯಲ್ಲಿ, ಪತ್ರಗಳಲ್ಲಿ ಮರಳಿ ಮರಳಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟು ಉತ್ತರಿಸಿದ್ದೇನೆ.

## ಹೊಸದಾಗಿ ನೋಡುವವರ ಪ್ರಶ್ನೆಗಳು

ಥ್ರಿಲ್ಲರ್, ಪತ್ತೇದಾರಿ, ಗೂಢಚಾರ ಚಿತ್ರ ಎಲ್ಲವೂ ಒಂದೇ ಅಲ್ಲವೇ?

ನೆಂಟಸ್ತನವಿದೆ, ಆದರೆ ಒಂದೇ ಅಲ್ಲ. ಪತ್ತೇದಾರಿ ಚಿತ್ರದಲ್ಲಿ ಅಪರಾಧ ಆಗಲೇ ನಡೆದುಹೋಗಿರುತ್ತದೆ; ಮಾಡಿದವರು ಯಾರು ಎಂಬ ಹುಡುಕಾಟ ಹಿಂದಕ್ಕೆ ಸಾಗುತ್ತದೆ. ಥ್ರಿಲ್ಲರ್‌ನಲ್ಲಿ ಕೇಡು ಇನ್ನೂ ಮುಂದಿರುತ್ತದೆ. ಅದು ಬರುತ್ತಿರುವುದು ನಮಗೆ ಕಾಣುತ್ತದೆ, ಪಾತ್ರಕ್ಕೆ ಕಾಣದು. ಗೂಢಚಾರ ಚಿತ್ರದಲ್ಲಿ ಇವೆರಡರ ಜೊತೆಗೆ ಒಂದು ಸರ್ಕಾರ ಬಂದು ಸೇರುತ್ತದೆ: ತಾನು ಯಾರೆಂಬುದನ್ನು ಮರೆಮಾಡಿಕೊಂಡು ಬದುಕುವ ಒಬ್ಬ ಮನುಷ್ಯ, ಅವನನ್ನು ಕಳುಹಿಸಿದ ಒಂದು ಕಚೇರಿ, ಕೆಲಸ ಕೆಟ್ಟರೆ ಅವನ ಪರಿಚಯವೇ ಇಲ್ಲವೆನ್ನಲು ಸಿದ್ಧನಾಗಿರುವ ಒಬ್ಬ ಮೇಲಧಿಕಾರಿ. ನಮ್ಮಲ್ಲಿ ಇವನ್ನೆಲ್ಲ 'ಸಸ್ಪೆನ್ಸ್ ಪಿಕ್ಚರ್' ಎಂಬ ಒಂದೇ ಹೆಸರಿನಿಂದ ಕರೆಯುವುದು ರೂಢಿ. ಪಟ್ಟಿ ಮಾಡುವಾಗ ಆ ಸಡಿಲವಾದ ಹೆಸರೇ ಅನುಕೂಲ ಎಂಬುದು ನನ್ನ ಅನುಭವ, ಏಕೆಂದರೆ ಒಳ್ಳೆಯ ಚಿತ್ರಗಳು ಈ ಮೂರು ಬೇಲಿಗಳನ್ನೂ ದಾಟುತ್ತಲೇ ಇರುತ್ತವೆ.

ದಶಕಕ್ಕೆ ಒಂದೇ ಅಂತ ಯಾಕೆ ಹಟ? ಒಟ್ಟಾರೆ ಹತ್ತು ಒಳ್ಳೆಯ ಚಿತ್ರ ಆರಿಸಿದರೆ ಸಾಲದೇ?

ಒಟ್ಟಾರೆ ಹತ್ತು ಎಂದ ಕೂಡಲೇ ಆಯ್ಕೆ ನಮಗೆ ಪರಿಚಯವಿರುವ ಕಾಲದ ಕಡೆಗೇ ವಾಲುತ್ತದೆ. ಹೆಚ್ಚಿನವರ ಹತ್ತರಲ್ಲಿ ಏಳೆಂಟು ಚಿತ್ರಗಳು ಅವರ ಕಾಲೇಜು ದಿನಗಳವೇ ಆಗಿರುವುದನ್ನು ಕಂಡಿದ್ದೇನೆ. ದಶಕದ ಕಟ್ಟುಪಾಡು ಹಾಕಿಕೊಂಡಾಗ ಗೊತ್ತಿಲ್ಲದ ಕಾಲಕ್ಕೆ ಹೋಗಿ ಹುಡುಕಲೇಬೇಕಾಗುತ್ತದೆ, ಗೊತ್ತಿರುವ ಕಾಲದಲ್ಲಿ ಪ್ರಿಯವಾದದ್ದನ್ನು ಬಿಡಲೇಬೇಕಾಗುತ್ತದೆ. ನಮಗೆ ನಿಜವಾಗಿ ಏನು ಇಷ್ಟ ಎಂಬುದು ತಿಳಿಯುವುದು ಹೀಗೆ ಬಿಡುವಾಗ.

ನೀವು ಯಾವ ಅಳತೆಗೋಲು ಇಟ್ಟುಕೊಂಡು ಆರಿಸುತ್ತೀರಿ?

ನನ್ನದು ಎರಡೇ ಪರೀಕ್ಷೆ. ಮೊದಲನೆಯದು, ಆ ಹತ್ತು ವರ್ಷಗಳಲ್ಲಿ ಜನ ಯಾವುದಕ್ಕೆ ಹೆದರುತ್ತಿದ್ದರು ಎಂಬುದು ಚಿತ್ರದ ಒಳಗೆ ಇರಬೇಕು; ಮಾತಿನಲ್ಲಿ ಹೇಳಬೇಕೆಂದಿಲ್ಲ, ಬೀದಿಯಲ್ಲಿ, ಬಾಗಿಲ ಸದ್ದಿನಲ್ಲಿ, ದೂರವಾಣಿಯನ್ನು ಎತ್ತುವ ಕೈಯಲ್ಲಿ ಕಂಡರೆ ಸಾಕು. ಎರಡನೆಯದು, ಗುಟ್ಟು ತಿಳಿದ ಮೇಲೂ ಚಿತ್ರ ಮತ್ತೊಮ್ಮೆ ನೋಡಿಸಿಕೊಳ್ಳಬೇಕು. ಇವುಗಳ ಜೊತೆಗೆ ಒಬ್ಬ ನಿರ್ದೇಶಕರಿಗೆ ಇಡೀ ಪಟ್ಟಿಯಲ್ಲಿ ಒಂದೇ ಸ್ಥಾನ ಎಂಬ ನಿಯಮವನ್ನೂ ಹಾಕಿಕೊಂಡಿದ್ದೇನೆ. ಪ್ರಶಸ್ತಿ, ಗಳಿಕೆ, ವಿಮರ್ಶಕರ ಅಂಕಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕಪ್ಪು-ಬಿಳುಪು ಚಿತ್ರ ನೋಡಿ ಅಭ್ಯಾಸವೇ ಇಲ್ಲ. ಎಲ್ಲಿಂದ ಶುರು ಮಾಡಲಿ?

1938ರ ದಿ ಲೇಡಿ ವ್ಯಾನಿಶಸ್ ಚಿತ್ರದಿಂದ ಆರಂಭಿಸಿ. ಓಡುವ ರೈಲಿನಲ್ಲಿ ಒಬ್ಬ ವೃದ್ಧ ಮಹಿಳೆ ಕಾಣೆಯಾಗುತ್ತಾರೆ. ಅಂಥವರು ಇರಲೇ ಇಲ್ಲವೆಂದು ಸಹಪ್ರಯಾಣಿಕರೆಲ್ಲ ಹೇಳುತ್ತಾರೆ. ಅವರೊಡನೆ ಕುಳಿತು ಚಹಾ ಕುಡಿದ ಯುವತಿಯೊಬ್ಬಳು ಮಾತ್ರ ಒಪ್ಪುವುದಿಲ್ಲ. ಕತೆ ಇಷ್ಟು ಸರಳವಾದ್ದರಿಂದ ಹಳೆಯ ಕಾಲದ ಛಾಯಾಗ್ರಹಣಕ್ಕೆ, ಮಾತಿನ ಧಾಟಿಗೆ ಕಣ್ಣು ಕಿವಿಗಳು ತಾವಾಗಿ ಹೊಂದಿಕೊಳ್ಳುತ್ತವೆ. ರಾತ್ರಿ ದೀಪ ಆರಿಸಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ನೋಡಿ. ಈ ಚಿತ್ರಗಳಲ್ಲಿ ಸುಳಿವುಗಳು ಒಂದೇ ಸಲ ಬರುತ್ತವೆ. ಯಾರೂ ಎರಡನೆಯ ಬಾರಿ ನೆನಪಿಸುವುದಿಲ್ಲ.

## ದಶಕಗಳ ಪ್ರಶ್ನೆಗಳು

ಮಾತೇ ಇಲ್ಲದ ಕಾಲದಲ್ಲಿ ಗೂಢಚಾರ ಚಿತ್ರ ಹೇಗೆ ಸಾಧ್ಯ?

1920ರ ದಶಕಕ್ಕೆ ನನ್ನ ಆಯ್ಕೆ ಜರ್ಮನಿಯ ಫ್ರಿಟ್ಜ್ ಲಾಂಗ್ ಅವರು 1928ರಲ್ಲಿ ಮಾಡಿದ ಸ್ಪಿಯೋನೆ. ಬ್ಯಾಂಕೊಂದರ ಮುಖ್ಯಸ್ಥನೇ ಗುಟ್ಟಾಗಿ ಬೇಹುಗಾರರ ಜಾಲವನ್ನು ನಡೆಸುತ್ತಿರುತ್ತಾನೆ. ಅವನ ಬೆನ್ನು ಹತ್ತುವ ಸರ್ಕಾರಿ ಗೂಢಚಾರನಿಗೆ ಹೆಸರಿಲ್ಲ, 326 ಎಂಬ ಸಂಖ್ಯೆಯಷ್ಟೇ ಇದೆ. ಸಂಖ್ಯೆಯ ಗೂಢಚಾರ, ವೇಷ ಬದಲಿಸುವ ಖಳನಾಯಕ, ಶತ್ರುವಿಗೇ ಮನಸೋಲುವ ಬೇಹುಗಾರ್ತಿ, ರೈಲಿನ ಅಪಘಾತ, ಹೀಗೆ ಮುಂದಿನ ನಲವತ್ತು ವರ್ಷಗಳ ಸರಕೆಲ್ಲ ಇಲ್ಲಿಯೇ ಇದೆ. ಮಾತಿಲ್ಲದಿರುವುದು ಕೊರತೆಯಾಗಿ ಕಾಣುವುದಿಲ್ಲ. ಗೂಢಚಾರನ ಕೆಲಸವೇ ಬಾಯಿ ಮುಚ್ಚಿ ಕಣ್ಣು ತೆರೆದಿರುವುದಲ್ಲವೇ?

1930ರ ದಶಕಕ್ಕೆ ಲಾಂಗ್ ಅವರ 'ಎಂ' ಬಿಟ್ಟು ಬೇರೆ ಯಾವುದನ್ನಾದರೂ ಆರಿಸಲು ಸಾಧ್ಯವೇ?

ಕಷ್ಟವೇ. 1931ರ 'ಎಂ' ಲಾಂಗ್ ಅವರ ಮೊದಲ ಮಾತಿನ ಚಿತ್ರ. ಮಕ್ಕಳನ್ನು ಕೊಲ್ಲುವವನ ಮುಖ ತೆರೆಯ ಮೇಲೆ ಕಾಣುವ ಮೊದಲೇ ಅವನ ಸಿಳ್ಳೆ ಕೇಳುತ್ತದೆ. ಶಬ್ದ ಸಿನಿಮಾಕ್ಕೆ ಬಂದ ಹೊಸತರಲ್ಲೇ ಅದನ್ನು ಭಯದ ಗುರುತಾಗಿ ಬಳಸಿದ ಆ ಬುದ್ಧಿ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಲಾಂಗ್ ಅವರ ಸ್ಥಾನ ಇಪ್ಪತ್ತರ ದಶಕದಲ್ಲಿ ತುಂಬಿರುವುದರಿಂದ ಇಲ್ಲಿ ನಾನು ಆಲ್‌ಫ್ರೆಡ್ ಹಿಚ್‌ಕಾಕ್ ಅವರ 1935ರ ದಿ ಥರ್ಟಿ-ನೈನ್ ಸ್ಟೆಪ್ಸ್ ಚಿತ್ರವನ್ನು ಇಟ್ಟುಕೊಂಡಿದ್ದೇನೆ. ಲಂಡನ್ನಿನಲ್ಲಿ ಮನರಂಜನೆಯ ಪ್ರದರ್ಶನ ನೋಡಲು ಹೋದ ಸಾಮಾನ್ಯನೊಬ್ಬನ ಮನೆಯಲ್ಲಿ ಅದೇ ರಾತ್ರಿ ಕೊಲೆ ನಡೆಯುತ್ತದೆ. ಪೊಲೀಸರಿಂದಲೂ ಬೇಹುಗಾರರಿಂದಲೂ ತಪ್ಪಿಸಿಕೊಂಡು ಅವನು ಸ್ಕಾಟ್ಲೆಂಡಿಗೆ ಓಡುತ್ತಾನೆ. ತನ್ನನ್ನು ಸ್ವಲ್ಪವೂ ನಂಬದ ಹೆಣ್ಣಿನೊಂದಿಗೆ ಒಂದೇ ಬೇಡಿಯಲ್ಲಿ ಸಿಕ್ಕಿಕೊಂಡು ಅವನು ಕಳೆಯುವ ರಾತ್ರಿಯಲ್ಲಿ ಭಯವೂ ನಗೆಯೂ ಒಟ್ಟಿಗೆ ಇವೆ.

ನಲವತ್ತರ ದಶಕ ಅಂದರೆ ಎಲ್ಲರೂ 'ದಿ ಥರ್ಡ್ ಮ್ಯಾನ್' ಅಂತಾರೆ. ಅದರಲ್ಲಿ ಅಂಥದ್ದೇನಿದೆ?

ಮೊದಲು ಆ ಊರು. ಯುದ್ಧ ಮುಗಿದ ಮೇಲೆ ವಿಯೆನ್ನಾವನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯೆತ್ ಒಕ್ಕೂಟ ನಾಲ್ಕು ವಲಯಗಳಾಗಿ ಹಂಚಿಕೊಂಡಿದ್ದವು. ನಡುವಿನ ಭಾಗವನ್ನು ನಾಲ್ವರೂ ಕೂಡಿ ನೋಡಿಕೊಳ್ಳುತ್ತಿದ್ದರು. ನಿರ್ದೇಶಕ ಕ್ಯಾರಲ್ ರೀಡ್ ತಮ್ಮ ತಂಡವನ್ನು ಆ ಊರಿಗೇ ಕರೆದೊಯ್ದು, ಬಾಂಬಿಗೆ ಕುಸಿದ ನಿಜವಾದ ಕಟ್ಟಡಗಳ ನಡುವೆ, ನೀರು ಹೊಯ್ದ ಕಲ್ಲುಹಾಸಿನ ಬೀದಿಗಳಲ್ಲಿ, ನೆಲದಡಿಯ ಚರಂಡಿಗಳಲ್ಲಿ ಚಿತ್ರೀಕರಿಸಿದರು. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಕ್ಯಾಮೆರಾವನ್ನು ಮತ್ತೆ ಮತ್ತೆ ಓರೆಯಾಗಿ ಹಿಡಿದಿದ್ದಾರೆ. ನೆಲವೇ ವಾಲಿದಂತೆ, ಯಾವ ಮಾತನ್ನೂ ನಂಬಲಾಗದಂತೆ ಭಾಸವಾಗುತ್ತದೆ. ಈ ಕೆಲಸಕ್ಕೆ ಅವರಿಗೆ ಆಸ್ಕರ್ ದೊರೆಯಿತು.

ಎರಡನೆಯದು, ಅದರ ಕೇಡಿನ ಸ್ವರೂಪ. ಇಲ್ಲಿನ ಅಪರಾಧ ಪೆನಿಸಿಲಿನ್ ಕಾಳಸಂತೆ. ಔಷಧಿಯನ್ನು ಕದ್ದು, ನೀರು ಬೆರೆಸಿ ಮಾರುತ್ತಾರೆ; ಅದನ್ನು ನಂಬಿ ಚಿಕಿತ್ಸೆ ಪಡೆದ ಮಕ್ಕಳು ಆಸ್ಪತ್ರೆಯಲ್ಲಿ ಮಲಗಿರುತ್ತಾರೆ. ಆ ಮಕ್ಕಳ ಮುಖವನ್ನು ರೀಡ್ ನಮಗೆ ತೋರಿಸುವುದೇ ಇಲ್ಲ; ಅವರನ್ನು ನೋಡುತ್ತಿರುವವನ ಮುಖವನ್ನು ಮಾತ್ರ ತೋರಿಸುತ್ತಾರೆ. ಯುದ್ಧ ಗೆದ್ದವರ ಕಣ್ಣೆದುರಿನಲ್ಲೇ ಹೀಗೆ ನಡೆಯುತ್ತಿತ್ತೆಂಬ ನೋವು ಇಡೀ ಚಿತ್ರದಲ್ಲಿ ಹರಡಿಕೊಂಡಿದೆ.

ಮೂರನೆಯದು ಸಂಗೀತ. ವಿಯೆನ್ನಾದ ಮದ್ಯದಂಗಡಿಯಲ್ಲಿ ಜಿದರ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಆಂಟನ್ ಕರಾಸ್ ಅವರನ್ನು ರೀಡ್ ಕಂಡರು. ಇಡೀ ಚಿತ್ರಕ್ಕೆ ಆ ಒಂದೇ ವಾದ್ಯ ಸಾಕೆಂದು ತೀರ್ಮಾನಿಸಿದರು. ಕತ್ತಲ ಬೀದಿಯಲ್ಲಿ ಕೊಲೆಗಾರನ ನೆರಳು ಸರಿಯುವಾಗ ಜಾತ್ರೆಯ ಉಲ್ಲಾಸದಂತಹ ತಂತಿನಾದ ಕೇಳುವುದು ಮೊದಲ ಸಲ ವಿಚಿತ್ರವೆನಿಸುತ್ತದೆ. ಎರಡನೆಯ ಸಲ ಅದೇ ಭಯಂಕರವೆನಿಸುತ್ತದೆ.

ಖಳನ ಪಾತ್ರದ ಆರ್ಸನ್ ವೆಲ್ಸ್ ತೆರೆಗೆ ಬರುವುದು ಸುಮಾರು ಒಂದು ಗಂಟೆಯ ನಂತರ, ಅದೂ ಬಾಗಿಲ ಸಂದಿಯ ಕತ್ತಲಿನಲ್ಲಿ, ಒಂದು ಬೆಕ್ಕು ಅವರ ಬೂಟಿನ ಬಳಿ ಬಂದು ಕುಳಿತ ಮೇಲೆ.

ಐವತ್ತರ ದಶಕವೆಂದರೆ ಹಿಚ್‌ಕಾಕ್ ಅಲ್ಲವೇ? ಅವರನ್ನು ಬಿಟ್ಟು ಪಟ್ಟಿ ಮಾಡುವುದು ಅನ್ಯಾಯವಲ್ಲವೇ?

ರಿಯರ್ ವಿಂಡೋ 1954ರಲ್ಲಿ, ವರ್ಟಿಗೋ 1958ರಲ್ಲಿ, ನಾರ್ತ್ ಬೈ ನಾರ್ತ್‌ವೆಸ್ಟ್ 1959ರಲ್ಲಿ ಬಂದವು. ಇಂಥ ಹತ್ತು ವರ್ಷ ಬೇರೆ ಯಾವ ನಿರ್ದೇಶಕರಿಗೂ ಒದಗಿಲ್ಲ ಎಂಬುದನ್ನು ಒಪ್ಪುತ್ತೇನೆ. ನಿಯಮ ಬೇಡವೆನ್ನುವವರು ಕಣ್ಣು ಮುಚ್ಚಿ ನಾರ್ತ್ ಬೈ ನಾರ್ತ್‌ವೆಸ್ಟ್ ಆರಿಸಬಹುದು. ನಟ್ಟ ನಡು ಹಗಲಿನಲ್ಲಿ, ಅಡಗಲು ಒಂದು ಮರವೂ ಇಲ್ಲದ ಬಯಲಿನಲ್ಲಿ, ಹೊಲಕ್ಕೆ ಔಷಧಿ ಸಿಂಪಡಿಸುವ ವಿಮಾನ ಒಬ್ಬ ಮನುಷ್ಯನನ್ನು ಅಟ್ಟಿಸಿಕೊಂಡು ಬರುವ ದೃಶ್ಯ ಆ ಒಂದು ಚಿತ್ರಕ್ಕೇ ಸಲ್ಲುತ್ತದೆ.

ಹಿಚ್‌ಕಾಕ್ ಅವರಿಗೆ ಮೂವತ್ತರ ದಶಕವನ್ನು ಕೊಟ್ಟಿರುವ ನಾನು ಇಲ್ಲಿ ಫ್ರಾನ್ಸಿನ ಆನ್ರಿ-ಜಾರ್ಜ್ ಕ್ಲೂಝೋ ಅವರ 1953ರ ದಿ ವೇಜಸ್ ಆಫ್ ಫಿಯರ್ ಚಿತ್ರವನ್ನು ಹಿಡಿದಿದ್ದೇನೆ. ದಕ್ಷಿಣ ಅಮೆರಿಕದ ಒಂದು ಮೂಲೆಯಲ್ಲಿ ತೈಲಬಾವಿಗೆ ಬೆಂಕಿ ಬಿದ್ದಿದೆ. ಅದನ್ನು ಆರಿಸಲು ಬೇಕಾದ ನೈಟ್ರೋಗ್ಲಿಸರಿನ್ ಅನ್ನು ಕೆಟ್ಟ ರಸ್ತೆಯಲ್ಲಿ ಎರಡು ಲಾರಿಗಳಲ್ಲಿ ಸಾಗಿಸಲು ಕೆಲಸವಿಲ್ಲದ ನಾಲ್ವರು ಒಪ್ಪಿಕೊಳ್ಳುತ್ತಾರೆ. ಒಂದು ಗುಂಡಿಗೆ ಚಕ್ರ ಇಳಿದರೂ ಎಲ್ಲವೂ ಮುಗಿದಂತೆ. ಇಲ್ಲಿ ಬಿಡಿಸಬೇಕಾದ ಒಗಟಿಲ್ಲ, ಬಯಲಾಗಬೇಕಾದ ಗುಟ್ಟಿಲ್ಲ, ದಾರಿಯಷ್ಟೇ ಇದೆ. ಘಾಟಿ ರಸ್ತೆಯಲ್ಲಿ ತುಂಬಿದ ಲಾರಿಯ ಹಿಂದೆ ಪ್ರಯಾಣ ಮಾಡಿದವರಿಗೆ ಇದರ ಪ್ರತಿ ತಿರುವೂ ಮೈಗೆ ನಾಟುತ್ತದೆ. ಮೊದಲ ಒಂದು ಗಂಟೆ ಊರಿನ ಬೇಸರವನ್ನೇ ತೋರಿಸುತ್ತದೆ, ಎದ್ದು ಹೋಗಬೇಡಿ: ಆ ನಾಲ್ವರು ಸಾವಿಗಾದರೂ ಸರಿ, ಅಲ್ಲಿಂದ ಹೊರಟರೆ ಸಾಕು ಎಂದುಕೊಳ್ಳುವುದೇಕೆಂದು ಆ ಬೇಸರವೇ ಹೇಳುತ್ತದೆ.

ಅರವತ್ತರ ದಶಕದಲ್ಲಿ ಬಾಂಡ್ ಇಲ್ಲದ ಪಟ್ಟಿಯೇ?

ಬಾಂಡ್ ಬಗ್ಗೆ ನನಗೆ ಅನಾದರವಿಲ್ಲ. 1963ರ ಫ್ರಮ್ ರಷ್ಯಾ ವಿತ್ ಲವ್ ಚಿತ್ರದ ರೈಲಿನೊಳಗಿನ ಹೊಡೆದಾಟ ಎಷ್ಟು ಸಲ ನೋಡಿದರೂ ಬಿಗಿಯಾಗಿಯೇ ಇದೆ. ಆದರೆ 1961ರಲ್ಲಿ ಬರ್ಲಿನ್ನಿನ ನಡುವೆ ಗೋಡೆ ಎದ್ದಿತು. ಆ ಗೋಡೆಯ ನೆರಳಿನಲ್ಲಿ ನಿಂತ ಚಿತ್ರವೆಂದರೆ ಜಾನ್ ಲೆ ಕಾರೆ ಅವರ 1963ರ ಕಾದಂಬರಿಯನ್ನು ಆಧರಿಸಿ ಮಾರ್ಟಿನ್ ರಿಟ್ 1965ರಲ್ಲಿ ನಿರ್ದೇಶಿಸಿದ ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್. ಅದೇ ವರ್ಷ ಬಾಂಡ್ ಥಂಡರ್‌ಬಾಲ್ ಚಿತ್ರದಲ್ಲಿ ಬಣ್ಣದ ಕಡಲಿನಲ್ಲಿ ಮುಳುಗೇಳುತ್ತಿದ್ದಾಗ, ಇಲ್ಲಿ ರಿಚರ್ಡ್ ಬರ್ಟನ್ ಮಾಸಿದ ಮಳೆಯಂಗಿಯಲ್ಲಿ, ಕಪ್ಪು-ಬಿಳುಪಿನಲ್ಲಿ, ಕುಡಿದು ಕಂಗೆಟ್ಟವನಂತೆ ನಡೆಯುತ್ತಾರೆ. ಅದು ವೇಷವೋ ನಿಜವೋ ಎಂಬುದು ಅವರ ಪಾತ್ರಕ್ಕೇ ತಿಳಿಯದಾಗುತ್ತದೆ. ಗೂಢಚಾರಿಕೆಯನ್ನು ವೀರರ ಕೆಲಸವೆಂದು ನಂಬಿದವರು ಈ ಚಿತ್ರವನ್ನು ಒಮ್ಮೆಯಾದರೂ ನೋಡಬೇಕು.

ಎರಡರ ನಡುವಿನ ದಾರಿ ಬೇಕೆನ್ನುವವರಿಗೆ ಅದೇ 1965ರ ದಿ ಇಪ್‌ಕ್ರೆಸ್ ಫೈಲ್ ಇದೆ. ಬಾಂಡ್ ಚಿತ್ರಗಳ ನಿರ್ಮಾಪಕರಲ್ಲೊಬ್ಬರಾದ ಹ್ಯಾರಿ ಸಾಲ್ಟ್‌ಜ್‌ಮನ್ ಅವರೇ ನಿರ್ಮಿಸಿ, ಬಾಂಡ್ ಚಿತ್ರಗಳ ಜಾನ್ ಬ್ಯಾರಿ ಅವರಿಂದಲೇ ಸಂಗೀತ ಮಾಡಿಸಿದ ಈ ಚಿತ್ರದಲ್ಲಿ ಗೂಢಚಾರ ಕನ್ನಡಕ ಹಾಕುತ್ತಾನೆ, ಅಂಗಡಿಗೆ ಹೋಗಿ ಸಾಮಾನು ತರುತ್ತಾನೆ, ತಾನೇ ಅಡುಗೆ ಮಾಡುತ್ತಾನೆ.

ನಮ್ಮ ರಾಜ್‌ಕುಮಾರ್ ಅವರ ಸಿಐಡಿ 999 ಚಿತ್ರಗಳಿಗೆ ಜಾಗವಿಲ್ಲವೇ?

ಕನ್ನಡಕ್ಕೇ ಪ್ರತ್ಯೇಕ ಪಟ್ಟಿ ಮಾಡಿದರೆ ಅರವತ್ತರ ದಶಕದ ಸ್ಥಾನ ನಿಸ್ಸಂದೇಹವಾಗಿ 1968ರ ಜೇಡರ ಬಲೆಗೆ. ಮೊದಲ ಬಾಂಡ್ ಚಿತ್ರ ಡಾಕ್ಟರ್ ನೋ ಬಂದ ಆರೇ ವರ್ಷಗಳಲ್ಲಿ ದೊರೈ-ಭಗವಾನ್ ಜೋಡಿ ಆ ಬಗೆಯನ್ನು ಕನ್ನಡಕ್ಕೆ ತಂದಿತು. ಅದೇ ವರ್ಷ ಗೋವಾದಲ್ಲಿ ಸಿಐಡಿ 999, ಮರುವರ್ಷ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999, 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್ ಬಂದವು. 1960ರಲ್ಲಿ ಕನಕದಾಸರಾಗಿ, 1965ರಲ್ಲಿ ಹರಿಶ್ಚಂದ್ರನಾಗಿ ಕಂಡ ಮುಖವೇ ಸೂಟು ತೊಟ್ಟು ಪಿಸ್ತೂಲು ಹಿಡಿದಾಗ ಪ್ರೇಕ್ಷಕರು ಅದನ್ನು ಮನಸಾರೆ ಒಪ್ಪಿಕೊಂಡರು ಎಂಬುದು ನನಗೆ ಆ ಚಿತ್ರಗಳ ಕತೆಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅದೇ ಕನ್ನಡ ಪಟ್ಟಿಯಲ್ಲಿ ಎಪ್ಪತ್ತರ ದಶಕಕ್ಕೆ ಕಾಶೀನಾಥ್ ಅವರ ಅಪರಿಚಿತ (1978), ಎಂಬತ್ತರ ದಶಕಕ್ಕೆ ಸುನಿಲ್ ಕುಮಾರ್ ದೇಸಾಯಿ ಅವರು ಹಾಡುಗಳೇ ಇಲ್ಲದೆ ಮಾಡಿದ ತರ್ಕ (1989) ಚಿತ್ರಗಳನ್ನು ಇಡುತ್ತೇನೆ. ತೊಂಬತ್ತರ ದಶಕಕ್ಕೂ ದೇಸಾಯಿ ಅವರ ನಿಷ್ಕರ್ಷ (1993) ಚಿತ್ರವನ್ನೇ ಇಡಬೇಕೆನಿಸುತ್ತದೆ. ಕನ್ನಡದ ಮಟ್ಟಿಗೆ ನನ್ನ ಒಬ್ಬರಿಗೆ ಒಂದೇ ಸ್ಥಾನದ ನಿಯಮ ಮುರಿಯುವುದು ಅಲ್ಲಿ.

ಎಪ್ಪತ್ತರ ದಶಕದ ಚಿತ್ರಗಳಲ್ಲಿ ಶತ್ರು ಯಾರೆಂದೇ ತಿಳಿಯುವುದಿಲ್ಲವಲ್ಲ, ಏಕೆ?

ಏಕೆಂದರೆ ಆ ದಶಕದಲ್ಲಿ ಅಮೆರಿಕದ ಜನರ ಅನುಮಾನ ತಮ್ಮ ಸರ್ಕಾರದ ಕಡೆಗೇ ತಿರುಗಿತು. 1972ರಲ್ಲಿ ವಿರೋಧ ಪಕ್ಷದ ಕಚೇರಿಯಲ್ಲಿ ನಡೆದ ವಾಟರ್‌ಗೇಟ್ ಕನ್ನಗಳವಿನಿಂದ ಆರಂಭವಾದದ್ದು 1974ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ಅವರ ರಾಜೀನಾಮೆಯಲ್ಲಿ ಮುಗಿಯಿತು. ಕದ್ದು ಕೇಳುವುದು, ಧ್ವನಿಮುದ್ರಣ ಟೇಪು, ಅಳಿಸಿದ ಸಾಕ್ಷ್ಯ ಇವು ಮನೆಮನೆಯ ಮಾತಾದವು. 1974ರ ದಿ ಪ್ಯಾರಲಾಕ್ಸ್ ವ್ಯೂ, 1975ರ ತ್ರೀ ಡೇಸ್ ಆಫ್ ದ ಕಾಂಡೋರ್ ಚಿತ್ರಗಳೂ ಇದೇ ಗಾಳಿಯಲ್ಲಿ ಉಸಿರಾಡುತ್ತವೆ. ನನ್ನ ಆಯ್ಕೆ 1974ರ ದಿ ಕಾನ್ವರ್ಸೇಷನ್. ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಇದರ ಕತೆಯನ್ನು ವಾಟರ್‌ಗೇಟ್‌ಗಿಂತ ಮೊದಲೇ ಯೋಚಿಸಿದ್ದರು.

ಸ್ಯಾನ್ ಫ್ರಾನ್ಸಿಸ್ಕೋದ ಚೌಕವೊಂದರಲ್ಲಿ ನಡೆದಾಡುತ್ತಿರುವ ಇಬ್ಬರ ಮಾತನ್ನು ಜೀನ್ ಹ್ಯಾಕ್‌ಮನ್ ಪಾತ್ರ ದೂರದಿಂದ ಧ್ವನಿಮುದ್ರಿಸಿಕೊಳ್ಳುತ್ತದೆ. ಅದು ಅವನಿಗೆ ಬರಿಯ ಕಸುಬು, ಮಾತಿನ ಅರ್ಥ ಅವನಿಗೆ ಬೇಕಿಲ್ಲ. ಆದರೆ ಟೇಪನ್ನು ಮತ್ತೆ ಮತ್ತೆ ತಿರುಗಿಸಿ ಸದ್ದು ಸೋಸುತ್ತಾ ಹೋದಂತೆ ಒಂದು ವಾಕ್ಯ ಅವನನ್ನು ಹಿಡಿದುಕೊಳ್ಳುತ್ತದೆ: ಅವಕಾಶ ಸಿಕ್ಕರೆ ಅವನು ನಮ್ಮನ್ನು ಕೊಲ್ಲುತ್ತಾನೆ ಎಂಬ ಅರ್ಥದ ಮಾತು. ಇಂಗ್ಲಿಷಿನಲ್ಲಿ ಆ ವಾಕ್ಯದ ಒತ್ತು ಯಾವ ಪದದ ಮೇಲೆ ಬೀಳುತ್ತದೆ ಎಂಬುದರ ಮೇಲೆ ಇಡೀ ಚಿತ್ರ ನಿಂತಿದೆ. ಕನ್ನಡದಲ್ಲಿ ಅಂಥ ಒತ್ತನ್ನು ನಾವು ಹೆಚ್ಚಾಗಿ 'ಏ' ಹಚ್ಚಿ ಹೇಳುತ್ತೇವೆ. 'ಅವನೇ ನಮ್ಮನ್ನು' ಎಂದರೆ ಒಂದು, 'ಅವನು ನಮ್ಮನ್ನೇ' ಎಂದರೆ ಇನ್ನೊಂದು. ಹಾಗೆ ಬರೆದ ಕೂಡಲೇ ಗುಟ್ಟು ಬಯಲಾಗುತ್ತದೆ. ಆದ್ದರಿಂದ ಅಡಿಬರಹವನ್ನು ಓದುತ್ತಾ ನೋಡುವವರು ಆ ಸಾಲು ಬಂದಾಗಲೆಲ್ಲ ಕಿವಿಯನ್ನೂ ತೆರೆದಿಟ್ಟುಕೊಳ್ಳಬೇಕು. ವಾಲ್ಟರ್ ಮರ್ಚ್ ಅವರ ಧ್ವನಿ ಕೆಲಸಕ್ಕಾಗಿ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ನೋಡಿದರೆ ಇನ್ನೂ ಉತ್ತಮ.

ಎಂಬತ್ತರಿಂದ ಈಚೆಗೆ ನಿಮ್ಮ ಆಯ್ಕೆಗಳೇನು?

ಎಂಬತ್ತರ ದಶಕಕ್ಕೆ ಬ್ರಯನ್ ಡಿ ಪಾಮಾ ಅವರ 1981ರ ಬ್ಲೋ ಔಟ್. ಸಿನಿಮಾಗಳಿಗೆ ಸದ್ದು ಸಂಗ್ರಹಿಸುವವನೊಬ್ಬ ರಾತ್ರಿಯ ಗಾಳಿಯ ಸದ್ದಿನ ನಡುವೆ ಒಂದು ಕೊಲೆಯ ಸಾಕ್ಷ್ಯವನ್ನು ಮುದ್ರಿಸಿಕೊಳ್ಳುತ್ತಾನೆ. ತೊಂಬತ್ತರ ದಶಕಕ್ಕೆ 1991ರ ದಿ ಸೈಲೆನ್ಸ್ ಆಫ್ ದ ಲ್ಯಾಂಬ್ಸ್. ಇಲ್ಲಿ ಗಂಡಸರು ನಾಯಕಿಯನ್ನು ನೋಡುವಾಗ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಾರೆ, ಆ ನೋಟದ ಭಾರ ನಮ್ಮ ಮೇಲೂ ಬೀಳುತ್ತದೆ.

2000ದ ದಶಕಕ್ಕೆ ಜರ್ಮನಿಯ 2006ರ ಚಿತ್ರ ದಿ ಲೈವ್ಸ್ ಆಫ್ ಅದರ್ಸ್. 1984ರ ಪೂರ್ವ ಬರ್ಲಿನ್ನಿನಲ್ಲಿ ಸ್ಟಾಸಿ ಎಂಬ ಗುಪ್ತ ಪೊಲೀಸ್ ಇಲಾಖೆಯ ಅಧಿಕಾರಿಯೊಬ್ಬ ನಾಟಕಕಾರನ ಮನೆಯ ಮಾತುಗಳನ್ನು ಅಟ್ಟದ ಮೇಲೆ ಕುಳಿತು ಕೇಳುತ್ತಾನೆ. ಆ ಅಧಿಕಾರಿಯಾಗಿ ನಟಿಸಿದ ಉಲ್‌ರಿಚ್ ಮ್ಯೂಹೆ ಸ್ವತಃ ಪೂರ್ವ ಜರ್ಮನಿಯಲ್ಲೇ ಬೆಳೆದ ರಂಗನಟರು. ಹೆಚ್ಚು ಮಾತಿಲ್ಲದ ಅವರ ಮುಖದಲ್ಲಿ ಒಬ್ಬ ಮನುಷ್ಯ ನಿಧಾನವಾಗಿ ಬದಲಾಗುವುದನ್ನು ಕಾಣುವುದಕ್ಕಾಗಿಯೇ ನಾನು ಈ ಚಿತ್ರವನ್ನು ಮತ್ತೆ ಮತ್ತೆ ನೋಡಿದ್ದೇನೆ.

## ನೋಡಿ ಪಳಗಿದವರ ಪ್ರಶ್ನೆಗಳು

ಕೊನೆ ಮೊದಲೇ ಗೊತ್ತಾಗಿಬಿಟ್ಟರೆ ಥ್ರಿಲ್ಲರ್ ನೋಡಿ ಏನು ಸುಖ?

1973ರ ದಿ ಡೇ ಆಫ್ ದ ಜಾಕಲ್ ಇದಕ್ಕೆ ಉತ್ತರ. ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರನ್ನು ಕೊಲ್ಲಲು ಬಾಡಿಗೆ ಹಂತಕನೊಬ್ಬ ಹೊರಡುವ ಕತೆ ಅದು. ದ ಗಾಲ್ 1970ರಲ್ಲಿ ತಮ್ಮ ಮನೆಯಲ್ಲಿ ಸಹಜವಾಗಿ ತೀರಿಕೊಂಡರೆಂಬುದು ಚಿತ್ರಮಂದಿರಕ್ಕೆ ಬಂದ ಎಲ್ಲರಿಗೂ ಗೊತ್ತಿತ್ತು. ಆದರೂ ಹಂತಕ ಕಲ್ಲಂಗಡಿಯನ್ನು ಮರಕ್ಕೆ ತೂಗುಹಾಕಿ ಗುರಿ ಸರಿಪಡಿಸಿಕೊಳ್ಳುವಾಗ ಉಸಿರು ಬಿಗಿಯಾಗುತ್ತದೆ. ಏನಾಗುತ್ತದೆ ಎಂಬ ಕುತೂಹಲ ಒಂದೇ ಸಲಕ್ಕೆ ಖರ್ಚಾಗುತ್ತದೆ, ಹೇಗಾಗುತ್ತದೆ ಎಂಬ ಆತಂಕ ಹಾಗಲ್ಲ. ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟು ಹಿಚ್‌ಕಾಕ್ ವಿವರಿಸುತ್ತಿದ್ದುದೂ ಇದನ್ನೇ: ಬಾಂಬ್ ಇದ್ದಕ್ಕಿದ್ದಂತೆ ಸಿಡಿದರೆ ಕ್ಷಣಕಾಲದ ಬೆಚ್ಚುವಿಕೆ, ಅದು ಅಲ್ಲಿರುವುದು ನಮಗೆ ಮೊದಲೇ ತಿಳಿದಿದ್ದರೆ ಮೇಜಿನ ಮೇಲಿನ ಹರಟೆಯೆಲ್ಲ ಆತಂಕವಾಗುತ್ತದೆ.

ಕಾದಂಬರಿ ಮೊದಲು ಓದಬೇಕೇ, ಚಿತ್ರ ಮೊದಲು ನೋಡಬೇಕೇ?

ಚಿತ್ರ ಮೊದಲು ಎನ್ನುವುದು ನನ್ನ ಸಲಹೆ, ಲೆ ಕಾರೆ ಅವರ ಕೃತಿಗಳನ್ನು ಹೊರತುಪಡಿಸಿ. ದಿ ಥರ್ಟಿ-ನೈನ್ ಸ್ಟೆಪ್ಸ್ ಚಿತ್ರಕ್ಕೆ ಆಧಾರವಾದ ಜಾನ್ ಬಕನ್ ಅವರ 1915ರ ಕಾದಂಬರಿಯಲ್ಲಿ ಮೂವತ್ತೊಂಬತ್ತು ಮೆಟ್ಟಿಲುಗಳೆಂದರೆ ಕಡಲಿಗೆ ಇಳಿಯುವ ನಿಜವಾದ ಮೆಟ್ಟಿಲುಗಳೇ. ಚಿತ್ರದಲ್ಲಿ ಆ ಹೆಸರಿಗೆ ಬೇರೆಯೇ ಅರ್ಥವಿದೆ, ಕೇಳಿದ್ದನ್ನೆಲ್ಲ ನೆನಪಿಡುವ ಪ್ರದರ್ಶಕನ ಪಾತ್ರವಂತೂ ಪುಸ್ತಕದಲ್ಲಿ ಇಲ್ಲವೇ ಇಲ್ಲ. ದಿ ಥರ್ಡ್ ಮ್ಯಾನ್ ವಿಷಯದಲ್ಲಿ ಪುಸ್ತಕ ಮೊದಲು ಎನ್ನುವುದಕ್ಕೇ ಅರ್ಥವಿಲ್ಲ. ಗ್ರಹಾಂ ಗ್ರೀನ್ ಆ ಕಿರುಕಾದಂಬರಿಯನ್ನು ಬರೆದದ್ದೇ ಚಿತ್ರಕಥೆಗೆ ಬುನಾದಿಯಾಗಿ.

ಒಂದೇ ಹಳೆಯ ಚಿತ್ರ ಬೇರೆ ಬೇರೆ ಉದ್ದದಲ್ಲಿ ಸಿಗುತ್ತದೆ. ಯಾವುದನ್ನು ನೋಡಿ ತೀರ್ಮಾನಿಸಬೇಕು?

ಪೂರ್ಣ ಆವೃತ್ತಿಯನ್ನೇ ಹುಡುಕಿ. ದಿ ವೇಜಸ್ ಆಫ್ ಫಿಯರ್ ಚಿತ್ರವನ್ನು ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಅಲ್ಲಿನ ತೈಲ ಕಂಪನಿಗಳನ್ನು ಟೀಕಿಸುವ ಭಾಗಗಳಿಗೆ ಕತ್ತರಿ ಹಾಕಿದ್ದರು. ಅವಿಲ್ಲದೆ ಚಿತ್ರ ಬರಿಯ ಲಾರಿ ಸಾಹಸವಾಗಿ ಉಳಿಯುತ್ತದೆ. ದಿ ಥರ್ಡ್ ಮ್ಯಾನ್ ಕೂಡ ಅಮೆರಿಕದಲ್ಲಿ ಕೆಲವು ನಿಮಿಷ ಕಡಿಮೆಯಾಗಿ ಬಿಡುಗಡೆಯಾಯಿತು. ಯಾವುದು ನಿಮ್ಮ ಕೈಯಲ್ಲಿದೆ ಎಂದು ತಿಳಿಯಲು ಆರಂಭದ ನಿರೂಪಣೆಯನ್ನು ಕೇಳಿ: ಬ್ರಿಟಿಷ್ ಪ್ರತಿಯಲ್ಲಿ ಅದು ನಿರ್ದೇಶಕ ರೀಡ್ ಅವರ ಧ್ವನಿ, ಅಮೆರಿಕದ ಪ್ರತಿಯಲ್ಲಿ ನಟ ಜೋಸೆಫ್ ಕಾಟನ್ ಅವರ ಧ್ವನಿ.

ಹಳೆಯ ಗೂಢಚಾರ ಚಿತ್ರಗಳಲ್ಲಿ ಹೆಂಗಸರನ್ನು ಆಟದ ಕಾಯಿಯಂತೆ ಬಳಸಿರುತ್ತಾರೆ. ಅದು ನಿಮಗೆ ಚುಚ್ಚುವುದಿಲ್ಲವೇ?

ಚುಚ್ಚುತ್ತದೆ, ಅನೇಕ ಚಿತ್ರಗಳನ್ನು ನಾನು ಈ ಕಾರಣಕ್ಕೇ ಕೈಬಿಟ್ಟಿದ್ದೇನೆ. ಆದರೆ ಹಾಗೆ ಬಳಸುವುದನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಚಿತ್ರವೂ ಇದೆ: ಹಿಚ್‌ಕಾಕ್ ಅವರ 1946ರ ನಟೋರಿಯಸ್. ನಾಜಿಗಳಿಗೆ ಕೆಲಸ ಮಾಡಿ ಜೈಲು ಸೇರಿದವನ ಮಗಳು ಅಲೀಷಿಯಾ, ಅಂದರೆ ಇಂಗ್ರಿಡ್ ಬರ್ಗ್‌ಮನ್. ಅವಳನ್ನು ಅಮೆರಿಕದ ಅಧಿಕಾರಿಗಳು ರಿಯೋ ಡಿ ಜನೈರೋಗೆ ಕರೆದೊಯ್ದು ತಂದೆಯ ಗೆಳೆಯನೊಬ್ಬನನ್ನು ಮರುಳುಮಾಡಲು ಹೇಳುತ್ತಾರೆ. ಅವಳನ್ನು ಪ್ರೀತಿಸುವ ಕ್ಯಾರಿ ಗ್ರಾಂಟ್ ಪಾತ್ರ ಬೇಡವೆನ್ನಬಹುದಿತ್ತು, ಅನ್ನುವುದಿಲ್ಲ. ಅವಳು ಆ ಗೆಳೆಯನನ್ನು ಮದುವೆಯಾಗುವ ತನಕ ಮಾತು ಹೋಗುತ್ತದೆ. ಕೋಣೆಯಲ್ಲಿ ಕುಳಿತ ಗಂಡಸರು ಅವಳ ಬದುಕನ್ನು ಕಡತದಂತೆ ಚರ್ಚಿಸುವ ದೃಶ್ಯದಲ್ಲಿ ಚಿತ್ರ ಯಾರ ಪಕ್ಷದಲ್ಲಿದೆ ಎಂಬ ಬಗ್ಗೆ ಅನುಮಾನವೇ ಉಳಿಯುವುದಿಲ್ಲ.

ಮುಂದೆ ಔತಣಕೂಟದ ರಾತ್ರಿ ಬರುತ್ತದೆ. ಕ್ಯಾಮೆರಾ ದೊಡ್ಡ ಹಜಾರದ ಮೇಲಿನಿಂದ, ದೀಪಗಳನ್ನೂ ಅತಿಥಿಗಳನ್ನೂ ದಾಟಿ, ಎಲ್ಲಿಯೂ ತುಂಡಾಗದೆ ಇಳಿದಿಳಿದು ಬಂದು, ನೆಲಮಾಳಿಗೆಯ ಬೀಗದ ಕೈಯನ್ನು ಬಚ್ಚಿಟ್ಟುಕೊಂಡ ಅವಳ ಮುಷ್ಟಿಯ ಮೇಲೆ ನಿಲ್ಲುತ್ತದೆ. ನಿಯಮವನ್ನು ಮುರಿದು ನಲವತ್ತರ ದಶಕದ ಆಯ್ಕೆಯನ್ನು ಬದಲಿಸಿಬಿಡಲೇ ಎಂದು ಪ್ರತಿ ಸಲವೂ ನನಗೆ ಅನ್ನಿಸುವುದು ಆ ಕೈ ಕಂಡಾಗ.